ಮದುವೆಗೆ ಮುಂಚೆ ಸಹಿ ಹಾಕಿದ ಒಪ್ಪಂದವನ್ನು ಈಗ ಬದಲಿಸಬಹುದೇ? (ಕ್ಯಾಲಿಫೋರ್ನಿಯಾ)

ಸಂಪಿಗೆಮರ

ಎಲ್ಲರಿಗೂ ನಮಸ್ಕಾರ. ನಾವು ಇರುವುದು ಫ್ರೀಮಾಂಟ್‌ನಲ್ಲಿ. 2017ರಲ್ಲಿ ಮದುವೆಯಾಗುವ ಮುಂಚೆ ಇಬ್ಬರೂ ವಕೀಲರನ್ನಿಟ್ಟುಕೊಂಡು ವಿವಾಹಪೂರ್ವ ಒಪ್ಪಂದಕ್ಕೆ ಸಹಿ ಹಾಕಿದೆವು. ಆಗ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಸಂಬಳ. ಅವರ ಸಂಪಾದನೆ ಅವರದು, ನನ್ನದು ನನ್ನದು. ಅವರು ಮೊದಲೇ ಕೊಂಡಿದ್ದ ಮನೆ ಅವರಿಗೇ. ಬೇರೆಯಾದರೆ ಯಾರೂ ಯಾರಿಂದಲೂ ಜೀವನಾಂಶ ಕೇಳುವಂತಿಲ್ಲ. ಅಂದಿನ ಸ್ಥಿತಿಗೆ ಅದು ನ್ಯಾಯವಾಗಿಯೇ ಇತ್ತು, ಅದನ್ನು ನಾನು ದೂರುತ್ತಿಲ್ಲ.

ಈಗ ಪರಿಸ್ಥಿತಿ ಬೇರೆ. ಮಗನಿಗೆ ಮಾತು ಬರುವುದು ತಡವಾಯಿತು, ಚಿಕಿತ್ಸೆಗೆ ವಾರವಿಡೀ ಓಡಾಟ. ನಾನು ಕೆಲಸ ಬಿಟ್ಟೆ. ಒಪ್ಪಂದದ ಪ್ರಕಾರ ಈಗ ನನ್ನ ಹೆಸರಿಗೆ ಏನೂ ಸೇರುತ್ತಿಲ್ಲ, ಅವರ ಹೆಸರಿಗೆ ಎಲ್ಲವೂ ಸೇರುತ್ತಿದೆ. ಈ ಮಾತನ್ನು ಮೊದಲು ಎತ್ತಿದವರು ನನ್ನ ಪತಿಯೇ. ಮನೆಯಲ್ಲಿ ಅರ್ಧ ಪಾಲು ಕೊಡೋಣ, ಜೀವನಾಂಶದ ಷರತ್ತನ್ನು ತೆಗೆಯೋಣ, ಮೈಸೂರಿನಲ್ಲಿ ಅವರ ಹೆಸರಿನಲ್ಲಿರುವ ನಿವೇಶನವನ್ನೂ ಇಬ್ಬರ ಹೆಸರಿಗೆ ಮಾಡೋಣ ಎನ್ನುತ್ತಿದ್ದಾರೆ. ಅವರ ಪ್ರಕಾರ ಒಂದು ಇಮೇಲ್‌ನಲ್ಲಿ ಹೀಗೆಂದು ಬರೆದು ಇಬ್ಬರೂ ಒಪ್ಪಿಗೆ ಎಂದರೆ ಸಾಕು. ದಾವಣಗೆರೆಯಲ್ಲಿರುವ ಅತ್ತೆಯವರಿಗೆ ಇದು ಸ್ವಲ್ಪವೂ ಇಷ್ಟವಿಲ್ಲ, ಬರೆದು ಮುಗಿಸಿದ್ದನ್ನು ಕೆದಕಬೇಡಿ ಎನ್ನುತ್ತಾರೆ.

ಇಮೇಲ್ ಸಾಕೇ? ಹೊಸ ಒಪ್ಪಂದ ಬೇಕೇ, ಹಳೆಯದನ್ನೇ ತಿದ್ದಬಹುದೇ? ಮಾಡಿದವರು ಇದ್ದರೆ ತಿಳಿಸಿ.

ಕೊಡಚಾದ್ರಿ72

ಗಂಡ ಹೆಂಡತಿ ಇಬ್ಬರೂ ಒಪ್ಪಿದ ಮೇಲೆ ಕೇಳುವವರು ಯಾರು? ಹಳೆಯ ಕಾಗದ ಹರಿದು ಹಾಕಿ, ನೆಮ್ಮದಿಯಾಗಿರಿ.

ಕಡತ

ದಯವಿಟ್ಟು ಹರಿಯಬೇಡಿ. ಕಾಗದ ಹರಿದರೆ ಒಪ್ಪಂದ ಸಾಯುವುದಿಲ್ಲ. ವಕೀಲರ ಬಳಿ ಒಂದು ಪ್ರತಿ ಇದ್ದೇ ಇರುತ್ತದೆ.

ಸ್ಯಾನ್ ಹೋಸೆಯಲ್ಲಿ ಕುಟುಂಬ ವ್ಯಾಜ್ಯಗಳ ವಕೀಲರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ, ನಾನು ವಕೀಲೆಯಲ್ಲ. ಕ್ಯಾಲಿಫೋರ್ನಿಯಾ ಕುಟುಂಬ ಸಂಹಿತೆಯ 1614ನೇ ಕಲಮು ನಿಮ್ಮ ಪ್ರಶ್ನೆಗೆ ನೇರ ಉತ್ತರ: ಮದುವೆಯಾದ ಮೇಲೆ ವಿವಾಹಪೂರ್ವ ಒಪ್ಪಂದವನ್ನು ತಿದ್ದುವುದಾಗಲಿ ರದ್ದುಮಾಡುವುದಾಗಲಿ ಇಬ್ಬರೂ ಸಹಿ ಮಾಡಿದ ಲಿಖಿತ ಒಪ್ಪಂದದಿಂದ ಮಾತ್ರ ಸಾಧ್ಯ. ಪ್ರತಿಫಲವಾಗಿ ನೀವು ಏನನ್ನೂ ಕೊಡಬೇಕಾಗಿಲ್ಲ. ಇಲ್ಲಿಯವರೆಗೆ ಸುಲಭ.

ಸುಲಭವಲ್ಲದ್ದು ಇದರ ನಂತರದ್ದು. ಮನೆ ಈಗ ಅವರ ಪ್ರತ್ಯೇಕ ಆಸ್ತಿ. ಅದು ಇಬ್ಬರದೂ ಆಗಬೇಕೆಂದರೆ 852ನೇ ಕಲಮಿನಂತೆ ಸ್ಪಷ್ಟ ಘೋಷಣೆ ಬೇಕು. ಅಂದರೆ ಆಸ್ತಿಯ ಸ್ವರೂಪವೇ ಬದಲಾಗುತ್ತಿದೆ, ಯಾರ ಹಕ್ಕು ಕಡಿಮೆಯಾಗುತ್ತಿದೆಯೋ ಅವರಿಗೆ ಅದು ಗೊತ್ತಿದೆ ಮತ್ತು ಅವರು ಒಪ್ಪಿದ್ದಾರೆ ಎಂಬುದು ಬರವಣಿಗೆಯಲ್ಲಿ ಕಾಣಬೇಕು. 'ಇನ್ನು ಮುಂದೆ ಎಲ್ಲವೂ ನಮ್ಮಿಬ್ಬರದು' ಎಂಬ ಪ್ರೀತಿಯ ಇಮೇಲ್ ಈ ಪರೀಕ್ಷೆಯಲ್ಲಿ ನಿಲ್ಲುತ್ತದೆಂದು ನಂಬಿ ಕೂರಬೇಡಿ. ಜೊತೆಗೆ ಮನೆಯ ಹಕ್ಕುಪತ್ರವನ್ನೂ ಬದಲಿಸಿ ಕೌಂಟಿಯಲ್ಲಿ ನೋಂದಾಯಿಸಬೇಕು. ಇಲ್ಲದಿದ್ದರೆ ವಿಷಯ ತಿಳಿಯದೆ ವ್ಯವಹರಿಸಿದ ಹೊರಗಿನವರ ಮುಂದೆ ನಿಮ್ಮ ಪಾಲಿಗೆ ಬೆಲೆ ಇರುವುದಿಲ್ಲ.

ಸಂಪಿಗೆಮರ

ತುಂಬಾ ಉಪಕಾರವಾಯಿತು. ಹಾಗಾದರೆ ಒಬ್ಬ ವಕೀಲರ ಬಳಿ ಹೋಗಿ ಇಬ್ಬರೂ ಸಹಿ ಮಾಡಿದರೆ ಆಯಿತಲ್ಲವೇ? ಅವರು ಕೊಡುವವರು, ನಾನು ತೆಗೆದುಕೊಳ್ಳುವವಳು. ಜಗಳವೇ ಇಲ್ಲದಿರುವಾಗ ಎರಡೆರಡು ಶುಲ್ಕ ಏಕೆ?

ಕಡತ

ನಿಮ್ಮಿಬ್ಬರಲ್ಲಿ ವಕೀಲರು ಹೆಚ್ಚು ಅಗತ್ಯವಿರುವುದು ನಿಮ್ಮ ಪತಿಗೆ. ಇದನ್ನು ಹೇಳಿದರೆ ಎಲ್ಲರೂ ಆಶ್ಚರ್ಯಪಡುತ್ತಾರೆ, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ.

ಮದುವೆಗೆ ಮುಂಚೆ ನೀವು ಕಾನೂನಿನ ಕಣ್ಣಿಗೆ ಎರಡು ಬೇರೆ ಬೇರೆ ವ್ಯಕ್ತಿಗಳು, ತಮ್ಮ ತಮ್ಮ ಹಿತ ನೋಡಿಕೊಳ್ಳುವವರು. ಮದುವೆಯಾದ ಕ್ಷಣದಿಂದ 721ನೇ ಕಲಮು ಅನ್ವಯವಾಗುತ್ತದೆ. ಪತಿ ಪತ್ನಿ ಪರಸ್ಪರ ಅತ್ಯುನ್ನತ ಪ್ರಾಮಾಣಿಕತೆಯಿಂದ ವ್ಯವಹರಿಸಬೇಕು, ಒಬ್ಬರು ಇನ್ನೊಬ್ಬರಿಂದ ಅನುಚಿತ ಲಾಭ ಪಡೆಯಬಾರದು. ಇಬ್ಬರ ನಡುವಿನ ವ್ಯವಹಾರದಲ್ಲಿ ಒಬ್ಬರಿಗೆ ಅನುಚಿತ ಅನುಕೂಲ ಆದಂತೆ ಕಂಡರೆ, ಅವರು ಒತ್ತಡ ಹೇರಿಯೇ ಪಡೆದರೆಂದು ನ್ಯಾಯಾಲಯ ಮೊದಲು ಊಹಿಸುತ್ತದೆ. ಹಾಗಲ್ಲ ಎಂದು ಸಾಬೀತು ಮಾಡುವ ಹೊಣೆ ಲಾಭ ಪಡೆದವರ ತಲೆಯ ಮೇಲೆ. ಇಲ್ಲಿ ಪಡೆಯುತ್ತಿರುವವರು ನೀವು. ಹತ್ತು ವರ್ಷದ ನಂತರ ಮನಸ್ಸು ಮುರಿದರೆ, ಇಲ್ಲವೇ ಅವರು ತೀರಿಕೊಂಡು ಬೇರೆ ವಾರಸುದಾರರು ಬಂದರೆ, 'ಅವರಿಗೆ ಸಲಹೆ ಕೊಡುವವರು ಯಾರೂ ಇರಲಿಲ್ಲ, ಹೆಂಡತಿಯ ವಕೀಲರು ಬರೆದ ಕಾಗದಕ್ಕೆ ಸಹಿ ಹಾಕಿದರು' ಎಂಬ ವಾದ ನಿಮ್ಮ ಎದುರು ನಿಲ್ಲುತ್ತದೆ.

ಅವರ ಪರವಾಗಿ ಸ್ವತಂತ್ರ ವಕೀಲರು ಕೂತು, 'ನೀವು ಇಷ್ಟನ್ನು ಬಿಟ್ಟುಕೊಡುತ್ತಿದ್ದೀರಿ' ಎಂದು ತಿಳಿಸಿ, ಅದು ದಾಖಲಾದರೆ ನಿಮ್ಮ ಪಾಲು ಗಟ್ಟಿ.

ಗೋಳಗುಮ್ಮಟ

ಇದು ವಕೀಲರಿಗೆ ದುಡಿಮೆ ಹುಟ್ಟಿಸುವ ಮಾತು. ಸಂಸಾರದಲ್ಲಿ ಪ್ರತಿಯೊಂದಕ್ಕೂ ಎರಡು ವಕೀಲರು, ಎರಡು ಸಹಿ, ಎರಡು ಶುಲ್ಕ. ನಮ್ಮ ಅಪ್ಪ ಅಮ್ಮ ಒಂದು ಚೀಟಿಯನ್ನೂ ಬರೆಯದೆ ಐವತ್ತು ವರ್ಷ ಬಾಳಿದರು.

ಮಲ್ಲಿಗೆದಂಡೆ

ಗೋಳಗುಮ್ಮಟ ಸರ್, ನಿಮ್ಮ ತಾಯಿಯವರ ಹೆಸರಿನಲ್ಲಿ ಆಸ್ತಿ ಏನಿತ್ತು ಎಂದು ಒಮ್ಮೆ ನೋಡಿ. ಚೀಟಿ ಬರೆಯದೆ ಬಾಳಿದವರಲ್ಲಿ ಹೆಚ್ಚಿನವರಿಗೆ ಬರೆಸಿಕೊಳ್ಳಲು ಏನೂ ಇರಲಿಲ್ಲ. ಈ ಅಕ್ಕನ ಪತಿ ತಾವಾಗಿ ಕೊಡಲು ಮುಂದೆ ಬಂದಿದ್ದಾರೆ. ಆ ಒಳ್ಳೆಯ ಮನಸ್ಸನ್ನು ಗಟ್ಟಿಯಾಗಿ ಬರೆದಿಡಲಿ ಎಂದರೆ ಅದರಲ್ಲಿ ಅಪನಂಬಿಕೆ ಎಲ್ಲಿ ಬಂತು?

ಗೋಳಗುಮ್ಮಟ

ನನ್ನ ತಾಯಿಯ ಹೆಸರಿನಲ್ಲಿ ಎಂಟು ಎಕರೆ ಇತ್ತು, ಮೇಡಂ. ತವರಿನವರು ಕೊಟ್ಟದ್ದು. ಆದರೂ ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ, ಎಲ್ಲರ ತಾಯಂದಿರಿಗೂ ಆ ಭಾಗ್ಯ ಇರಲಿಲ್ಲ. ನನ್ನ ಆಕ್ಷೇಪ ಇಷ್ಟೇ: ಒಳ್ಳೆಯತನದಿಂದ ಕೊಡುವ ಗಂಡನನ್ನು ನಾಳೆ ಉಲ್ಟಾ ಹೊಡೆಯುವವನಂತೆ ಮೊದಲೇ ಕಾಣುವುದು ಸರಿಯಲ್ಲ.

ಕಪ್ಪುಕೋಟು

ಗಂಡ ಉಲ್ಟಾ ಹೊಡೆಯಬೇಕಾಗಿಲ್ಲ ಸರ್. ಅವನು ಸತ್ತರೂ ಸಾಕು. ಕ್ಯಾಲಿಫೋರ್ನಿಯಾದ್ದೇ ಒಂದು ತೀರ್ಪಿದೆ, 1993ರ ಬೊರೆಲ್ಲಿ ವಿರುದ್ಧ ಬ್ರಸ್ಸೋ. 1980ರಲ್ಲಿ ಮದುವೆಯಾದ ದಂಪತಿ, ಮದುವೆಗೆ ಮುಂಚೆ ಒಪ್ಪಂದ ಆಗಿತ್ತು. 1988ರಲ್ಲಿ ಗಂಡನಿಗೆ ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆ, ಆರೈಕೆ ಕೇಂದ್ರಗಳಲ್ಲಿ ಇರಲು ಅವರಿಗೆ ಮನಸ್ಸಿರಲಿಲ್ಲ. ನೀನೇ ಮನೆಯಲ್ಲಿ ನೋಡಿಕೊಂಡರೆ ಇಂತಿಂಥ ಆಸ್ತಿಯನ್ನು ನಿನಗೆ ಬಿಟ್ಟುಹೋಗುತ್ತೇನೆ ಎಂದು ಹೆಂಡತಿಗೆ ಬಾಯಿಮಾತಿನಲ್ಲಿ ಹೇಳಿದರು. ಆಕೆ ನೋಡಿಕೊಂಡರು. 1989ರಲ್ಲಿ ಅವರು ತೀರಿಕೊಂಡಾಗ ಉಯಿಲಿನಲ್ಲಿ ಆಸ್ತಿಯ ಬಹುಭಾಗ ಮಗಳಿಗೆ ಹೋಗಿತ್ತು. ಹೆಂಡತಿ ನ್ಯಾಯಾಲಯಕ್ಕೆ ಹೋದರು, ಸೋತರು. ಕಾಯಿಲೆ ಬಿದ್ದ ಗಂಡನ ಆರೈಕೆ ಮದುವೆಯಿಂದಲೇ ಬಂದ ಕರ್ತವ್ಯ, ಅದಕ್ಕೆ ಪ್ರತಿಯಾಗಿ ಆಸ್ತಿ ಕೊಡುವ ಕರಾರು ನಿಲ್ಲುವುದಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಪೀಠದಲ್ಲಿದ್ದ ಒಬ್ಬ ನ್ಯಾಯಾಧೀಶರು ಇದನ್ನು ಒಪ್ಪದೆ ಭಿನ್ನ ತೀರ್ಪು ಬರೆದರು.

ಆ ಹೆಂಗಸಿನ ಜಾಗದಲ್ಲಿ ನಿಮ್ಮ ಅಕ್ಕನನ್ನೋ ಮಗಳನ್ನೋ ನಿಲ್ಲಿಸಿ ನೋಡಿ. ಗಂಡ ಕೆಟ್ಟವನೆಂದು ಯಾರೂ ಹೇಳುತ್ತಿಲ್ಲ. ಕಾಗದದ ಮೇಲೆ ಬಾರದ ಮಾತು ಅವನೊಂದಿಗೇ ಹೋಯಿತು, ಅಷ್ಟೇ.

ಕೊಡಚಾದ್ರಿ72

ಇದು ಅನ್ಯಾಯ. ಕೊನೆಯವರೆಗೂ ಸೇವೆ ಮಾಡಿದವಳಿಗೆ ಕರ್ತವ್ಯದ ಪಾಠ ಹೇಳಿದರಲ್ಲ.

ಬೆಳ್ಳಿಲೋಟ

ನಮ್ಮಲ್ಲಿ ಏನು ಬೇರೆ ಹೇಳುತ್ತಾರೆ? ಅತ್ತೆ ಮಾವನನ್ನು ಕೊನೆಯವರೆಗೆ ನೋಡಿಕೊಂಡ ಸೊಸೆಗೆ ಸಿಗುವುದು ಹೊಗಳಿಕೆ, ಪಾಲು ಸಿಗುವುದು ಎಲ್ಲೋ ಇದ್ದ ಮಗನಿಗೆ.

ಲೆಕ್ಕಿಗ

ಸಂಪಿಗೆಮರ ಅವರೇ, ನೀವು ಅಮೆರಿಕದ ಪ್ರಜೆಯೇ? ಇದು ಮುಖ್ಯ. ಪತಿ ಪತ್ನಿಗೆ ಎಷ್ಟು ಕೊಟ್ಟರೂ ದಾನ ತೆರಿಗೆಯ ತಲೆನೋವಿಲ್ಲ ಎಂಬ ಮಾತು, ಪಡೆಯುವವರು ಅಮೆರಿಕದ ಪ್ರಜೆಯಾಗಿದ್ದರೆ ಮಾತ್ರ ನಿಜ. ಗ್ರೀನ್ ಕಾರ್ಡ್ ಇದ್ದರೂ ಸಾಲದು. ಪ್ರಜೆಯಲ್ಲದ ಪತ್ನಿಗೆ ವರ್ಷಕ್ಕೊಂದು ಮಿತಿ ಇದೆ, 2025ರಲ್ಲಿ ಅದು 1,90,000 ಡಾಲರ್. ಅದನ್ನು ಮೀರಿದರೆ ಪತಿ ದಾನ ತೆರಿಗೆ ವಿವರಪತ್ರ ಸಲ್ಲಿಸಬೇಕು. ಕೂಡಲೇ ತೆರಿಗೆ ಕಟ್ಟಬೇಕಾಗದೆ ಇರಬಹುದು, ಜೀವಮಾನದ ವಿನಾಯಿತಿಯಿಂದ ಕಳೆಯುತ್ತಾರೆ, ಆದರೆ ಸಲ್ಲಿಸಲೇಬೇಕು. ಫ್ರೀಮಾಂಟ್‌ನ ಮನೆಯ ಅರ್ಧ ಬೆಲೆ ಈ ಮಿತಿಯನ್ನು ದಾಟುವ ಸಾಧ್ಯತೆ ಹೆಚ್ಚು.

ಒಳ್ಳೆಯ ಸುದ್ದಿಯೂ ಇದೆ. ಪತಿ ಪತ್ನಿಯ ನಡುವೆ ಮನೆ ವರ್ಗವಾದರೆ ಕ್ಯಾಲಿಫೋರ್ನಿಯಾದಲ್ಲಿ ಆಸ್ತಿ ತೆರಿಗೆಗೆ ಮರುಮೌಲ್ಯಮಾಪನ ಮಾಡುವುದಿಲ್ಲ, ಅದರ ನಮೂನೆಯನ್ನು ತುಂಬಿಕೊಡಿ. ವಾಸದ ಮನೆಯ ಹಕ್ಕುಪತ್ರಕ್ಕೆ ಹೆಂಡತಿಯ ಹೆಸರು ಸೇರಿಸಿದ ಕಾರಣಕ್ಕೆ ಬ್ಯಾಂಕು ಇಡೀ ಗೃಹಸಾಲವನ್ನು ಒಮ್ಮೆಲೇ ತೀರಿಸಿ ಎನ್ನುವಂತಿಲ್ಲ, 1982ರ ಕೇಂದ್ರ ಕಾನೂನು ಅದಕ್ಕೆ ರಕ್ಷಣೆ ಕೊಟ್ಟಿದೆ.

ಇನ್ನೊಂದು. ಪತಿಯ 401ಕೆ ನಿವೃತ್ತಿ ಖಾತೆಯ ಮೇಲಿನ ಹಕ್ಕನ್ನು ನೀವು 2017ರಲ್ಲಿ ಬಿಟ್ಟುಕೊಟ್ಟಿದ್ದೀರಾ ನೋಡಿ. ಪತಿ ತೀರಿಕೊಂಡರೆ ಪತ್ನಿಗೆ ಬರಬೇಕಾದ ಆ ಹಣದ ಹಕ್ಕನ್ನು ಪತ್ನಿಯಾದವಳು ಮಾತ್ರ ಬಿಟ್ಟುಕೊಡಬಹುದು, ಮದುವೆಯಾಗಲಿರುವ ಹುಡುಗಿಯ ಸಹಿಗೆ ಅಲ್ಲಿ ಬೆಲೆ ಇಲ್ಲ. ಅನೇಕರ ವಿವಾಹಪೂರ್ವ ಒಪ್ಪಂದದಲ್ಲಿ ಆ ಸಾಲು ಸುಮ್ಮನೆ ಕೂತಿರುತ್ತದೆ. ತಿದ್ದುಪಡಿ ಬರೆಯುವಾಗ ಅದನ್ನೂ ಸರಿಮಾಡಿಸಿ.

ಸಂಪಿಗೆಮರ

ಪತಿ ಅಮೆರಿಕದ ಪ್ರಜೆ, ನನಗೆ ಗ್ರೀನ್ ಕಾರ್ಡ್. ಪ್ರಜೆಯಲ್ಲದವರಿಗೆ ಮಿತಿ ಇದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಕಡತ

ಪತಿ ಪ್ರಜೆಯಾಗಿ ಅವರೇ ನಿಮ್ಮ ಗ್ರೀನ್ ಕಾರ್ಡಿಗೆ ಪ್ರಾಯೋಜಕರಾಗಿದ್ದರೆ ಐ-864 ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಿರುತ್ತಾರೆ. ನಿಮ್ಮನ್ನು ಕನಿಷ್ಠ ಮಟ್ಟದ ಆದಾಯದಲ್ಲಿ ನೋಡಿಕೊಳ್ಳುತ್ತೇನೆಂದು ಅಮೆರಿಕ ಸರ್ಕಾರಕ್ಕೆ ಕೊಟ್ಟ ಮಾತು ಅದು. 2016ರ ಅರ್ಲರ್ ಪ್ರಕರಣದಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಸ್ಪಷ್ಟವಾಗಿ ಹೇಳಿದೆ: ವಿವಾಹಪೂರ್ವ ಒಪ್ಪಂದವೂ ವಿಚ್ಛೇದನವೂ ಆ ಹೊಣೆಯನ್ನು ಅಳಿಸುವುದಿಲ್ಲ. ಆದ್ದರಿಂದ ಜೀವನಾಂಶ ಬಿಟ್ಟುಕೊಟ್ಟಿದ್ದರೂ ನೀವು ಪೂರ್ತಿ ಬರಿಗೈಯಲ್ಲಿಲ್ಲ. ಅಲ್ಲದೆ ಜೀವನಾಂಶದ ಆ ನಿರಾಕರಣೆಯೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಜಾರಿಗೆ ತರುವ ಸಮಯದಲ್ಲಿ ಅದು ಘೋರ ಅನ್ಯಾಯವೆಂದು ಕಂಡರೆ ನ್ಯಾಯಾಲಯ ಬದಿಗಿಡಬಹುದು. ಮಕ್ಕಳ ಪೋಷಣೆಯ ಹಕ್ಕನ್ನಂತೂ ತಂದೆ ತಾಯಿ ಯಾವ ಒಪ್ಪಂದದಲ್ಲೂ ಮೊಟಕು ಮಾಡುವಂತಿಲ್ಲ. ಆದರೂ ತಿದ್ದುಪಡಿ ಮಾಡಿಸಿ. ನಾಳೆ ನ್ಯಾಯಾಧೀಶರಿಗೆ ಹೇಗೆ ಕಂಡೀತು ಎಂಬುದನ್ನು ನಂಬಿ ಇಂದು ಸುಮ್ಮನೆ ಕೂರುವುದು ಬೇಡ.

ಹೊಂಗೆನೆರಳು

ಸಹಿ ಹಾಕುವ ಮುಂಚೆ ಏಳು ದಿನ ಕಾಯಬೇಕು ಎಂಬ ನಿಯಮ ತಿದ್ದುಪಡಿಗೂ ಇದೆಯೇ?

ಕಡತ

ಆ ನಿಯಮ ಬರೆದಿರುವುದು ಮದುವೆಗೆ ಮುಂಚಿನ ಒಪ್ಪಂದಕ್ಕೆ. ಅದರ ಹಿಂದೆ ಬೇಸ್‌ಬಾಲ್ ಆಟಗಾರ ಬ್ಯಾರಿ ಬಾಂಡ್ಸ್ ಅವರ ಪ್ರಕರಣವಿದೆ. 1988ರಲ್ಲಿ ಮದುವೆಯ ಹಿಂದಿನ ದಿನ ಅವರ ವಧು, ಸ್ವೀಡನ್‌ನಿಂದ ಬಂದವರು, ವಕೀಲರಿಲ್ಲದೆ ಒಪ್ಪಂದಕ್ಕೆ ಸಹಿ ಹಾಕಿದ್ದರು. 2000ದಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಅದು ಸ್ವಇಚ್ಛೆಯ ಸಹಿಯೇ ಎಂದು ಎತ್ತಿಹಿಡಿಯಿತು. ಅದಾದ ಮೇಲೆ ಶಾಸನಸಭೆ ಕಾನೂನನ್ನು ಬಿಗಿ ಮಾಡಿ ಏಳು ದಿನದ ಅಂತರ ತಂದಿತು. 2020ರಿಂದ ಅಂತಿಮ ಪ್ರತಿ ಕೈಗೆ ಬಂದ ಮೇಲೆ ಏಳು ದಿನ ಕಳೆಯಲೇಬೇಕು, ವಕೀಲರಿದ್ದರೂ ಅಷ್ಟೇ. ತಿದ್ದುಪಡಿಗೂ ಅಷ್ಟು ದಿನ ಬಿಟ್ಟು ಸಹಿ ಮಾಡಿದರೆ ಅವಸರದಲ್ಲಿ ಮಾಡಿಸಿದರೆಂಬ ಮಾತಿಗೆ ಎಡೆ ಇರುವುದಿಲ್ಲ. ಇಬ್ಬರ ಆಸ್ತಿ ಸಾಲಗಳ ಪೂರ್ಣ ಪಟ್ಟಿಯನ್ನೂ ಲಗತ್ತಿಸಿ.

ಎರೆಮಣ್ಣು

ನಾವು ಓಹಿಯೋದ ಕೊಲಂಬಸ್‌ನಲ್ಲಿದ್ದೇವೆ. ಇಲ್ಲಿ 2023ರ ಮಾರ್ಚ್‌ವರೆಗೆ ಈ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಮದುವೆಯಾದ ಮೇಲೆ ದಂಪತಿ ಬೇರೆಯಾಗದ ಹೊರತು ಇಂಥ ಒಪ್ಪಂದ ಮಾಡುವುದಕ್ಕಾಗಲಿ ಬದಲಿಸುವುದಕ್ಕಾಗಲಿ ಕಾನೂನು ಬಿಡುತ್ತಿರಲಿಲ್ಲ. ನನ್ನ ಹೆಂಡತಿ ಸಂಶೋಧನೆಗೆಂದು ಕೆಲಸ ಬಿಟ್ಟಾಗ ನಾವಿಬ್ಬರೂ ಬದಲಿಸಬೇಕೆಂದು ಹೋಗಿ, ಸಾಧ್ಯವಿಲ್ಲ ಎಂಬ ಉತ್ತರ ಪಡೆದು ಬಂದೆವು. ಕಾನೂನು ಬದಲಾದ ವರ್ಷವೇ ಮಾಡಿಸಿಕೊಂಡೆವು. ಸಂಪಿಗೆಮರ ಅವರೇ, ನಿಮ್ಮ ರಾಜ್ಯದಲ್ಲಿ ಬಾಗಿಲು ತೆರೆದಿದೆ, ತಡಮಾಡಬೇಡಿ. ನಾಳೆ ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿಯ ನಿಯಮ ಬೇರೆ. ನ್ಯೂಯಾರ್ಕ್‌ನಲ್ಲಿ ಬರೀ ಸಹಿ ಸಾಲದು, ಆಸ್ತಿಯ ಕ್ರಯಪತ್ರದಂತೆ ಅಧಿಕಾರಿಯ ಮುಂದೆ ಒಪ್ಪಿಕೊಂಡ ದೃಢೀಕರಣ ಬೇಕು. ಆ ದೃಢೀಕರಣದ ಒಕ್ಕಣೆಯಲ್ಲಿ ಕೆಲವು ಪದಗಳು ಬಿಟ್ಟುಹೋದದ್ದಕ್ಕೆ ಅಲ್ಲಿನ ಅತ್ಯುನ್ನತ ನ್ಯಾಯಾಲಯ 2013ರ ಗಲೆಟ್ಟಾ ಪ್ರಕರಣದಲ್ಲಿ ಇಡೀ ಒಪ್ಪಂದವನ್ನೇ ತಳ್ಳಿಹಾಕಿತು.

ಯಾರ್ರಾತೀರ

ಮೆಲ್ಬರ್ನ್‌ನಿಂದ. ಆಸ್ಟ್ರೇಲಿಯಾದಲ್ಲಿ ತಿದ್ದುಪಡಿ ಎಂಬುದಕ್ಕೆ ದಾರಿಯೇ ಇಲ್ಲ. ಹಳೆಯ ಒಪ್ಪಂದವನ್ನು ಕೊನೆಗಾಣಿಸುತ್ತೇವೆ ಎಂದು ಹೇಳುವ ಹೊಸ ಒಪ್ಪಂದವನ್ನೇ ಮಾಡಬೇಕು, ಇಲ್ಲವೇ ಮುಕ್ತಾಯದ ಒಪ್ಪಂದವೊಂದನ್ನು ಪ್ರತ್ಯೇಕವಾಗಿ ಮಾಡಬೇಕು. ಎರಡರಲ್ಲೂ ಇಬ್ಬರಿಗೂ ಸ್ವತಂತ್ರ ಕಾನೂನು ಸಲಹೆ ಕಡ್ಡಾಯ.

ಇಲ್ಲಿನ 2017ರ ಥಾರ್ನ್ ವಿರುದ್ಧ ಕೆನಡಿ ತೀರ್ಪನ್ನು ಎಲ್ಲರೂ ಓದಬೇಕು. ಪೂರ್ವ ಯೂರೋಪಿನ ಮೂವತ್ತಾರರ ಹೆಣ್ಣು, ಅರವತ್ತೇಳರ ಶ್ರೀಮಂತ ಗಂಡು. ಮದುವೆಗೆ ನಾಲ್ಕು ದಿನ ಇರುವಾಗ ಒಪ್ಪಂದಕ್ಕೆ ಸಹಿ. ಅವಳ ತಂದೆ ತಾಯಿ, ತಂಗಿ ಆಗಲೇ ಮದುವೆಗೆಂದು ಆಸ್ಟ್ರೇಲಿಯಾಕ್ಕೆ ಬಂದಾಗಿತ್ತು. ವಕೀಲರು ಸಹಿ ಹಾಕಬೇಡ ಎಂದು ಬರೆದುಕೊಟ್ಟರು, ಆಕೆ ಹಾಕಿದಳು. ಮದುವೆಯ ನಂತರ ಹೆಚ್ಚುಕಡಿಮೆ ಅದೇ ಷರತ್ತುಗಳ ಎರಡನೇ ಒಪ್ಪಂದಕ್ಕೂ ಸಹಿ ಹಾಕಿಸಿದರು. ನ್ಯಾಯಾಲಯ ಎರಡನ್ನೂ ರದ್ದುಮಾಡಿತು. ಮೊದಲನೆಯದರ ಒತ್ತಡ ಎರಡನೆಯದರಲ್ಲೂ ಇಳಿದಿರಲಿಲ್ಲ ಎಂಬುದು ಅವರ ತರ್ಕ. ವ್ಯಾಜ್ಯದ ನಡುವೆ ಗಂಡ ತೀರಿಕೊಂಡ, ಅವನ ಮಕ್ಕಳು ಹೋರಾಟ ಮುಂದುವರಿಸಿದರು. ವಾರಸುದಾರರ ಬಗ್ಗೆ ಕಡತ ಅವರು ಹೇಳಿದ್ದು ಬರೀ ಭಯವಲ್ಲ.

ರೈನ್‌ದಡ

ಜರ್ಮನಿಯಲ್ಲಿ ಇದು ಇಷ್ಟು ಜಟಿಲವಲ್ಲ. ಮದುವೆಗೆ ಮುಂಚೆ ಮಾಡಿ, ನಂತರ ಮಾಡಿ, ನಂತರ ಬದಲಿಸಿ, ಕಾನೂನು ಒಂದೇ. ಇಬ್ಬರೂ ನೋಟರಿಯ ಮುಂದೆ ಹಾಜರಾಗಬೇಕು, ಅವರು ಪೂರ್ತಿ ಒಪ್ಪಂದವನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ಇಲ್ಲಿಯ ನೋಟರಿ ಎಂದರೆ ನಮ್ಮೂರಿನ ನ್ಯಾಯಾಲಯದ ಬಾಗಿಲಲ್ಲಿ ಮುದ್ರೆ ಒತ್ತುವವರಲ್ಲ, ಇಬ್ಬರಿಗೂ ಸಮನಾಗಿ ತಿಳಿಹೇಳುವ ಹೊಣೆ ಹೊತ್ತ ಕಾನೂನು ಪಂಡಿತರು. ಹೀಗೆ ಒಬ್ಬರೇ ನಿಷ್ಪಕ್ಷಪಾತಿ ಇದ್ದರೆ ಎರಡು ವಕೀಲರ ಖರ್ಚು ಏಕೆ?

ಮಲ್ಲಿಗೆದಂಡೆ

ನಿಷ್ಪಕ್ಷಪಾತಿ ಇಬ್ಬರಿಗೂ ತಿಳಿಹೇಳುತ್ತಾರೆ ಸರಿ. ಆದರೆ 'ಸಹಿ ಹಾಕಬೇಡ ಮಗಳೇ' ಎಂದು ಒಬ್ಬರ ಕಿವಿಯಲ್ಲಿ ಹೇಳುವವರು ಯಾರು? ಆ ಆಸ್ಟ್ರೇಲಿಯಾದ ಹೆಣ್ಣಿಗೆ ಅದನ್ನು ಬರೆದುಕೊಟ್ಟದ್ದು ಅವಳ ಸ್ವಂತ ವಕೀಲರೇ ಅಲ್ಲವೇ?

ರೈನ್‌ದಡ

ಬರೆದುಕೊಟ್ಟರೂ ಆಕೆ ಸಹಿ ಹಾಕಿದಳಲ್ಲ. ಕೊನೆಗೆ ಕಾಪಾಡಿದ್ದು ನ್ಯಾಯಾಲಯ. ಇಲ್ಲಿಯೂ ಸಂವಿಧಾನ ನ್ಯಾಯಾಲಯ 2001ರಲ್ಲಿ ಗರ್ಭಿಣಿಯೊಬ್ಬಳಿಂದ ಮಾಡಿಸಿಕೊಂಡ ಏಕಪಕ್ಷೀಯ ಒಪ್ಪಂದದ ವಿಚಾರದಲ್ಲಿ, ಇಂಥದ್ದನ್ನು ನ್ಯಾಯಾಲಯಗಳು ಪರಿಶೀಲಿಸಲೇಬೇಕು ಎಂದಿದೆ.

ಕಪ್ಪುಕೋಟು

ಸ್ವಂತ ವಕೀಲರು ಬೇಡ ಎಂದು ಬರೆದ ಆ ಪತ್ರವೇ ಆಕೆ ಎಂಥ ಒತ್ತಡದಲ್ಲಿ ಸಹಿ ಹಾಕಿದಳೆಂಬುದಕ್ಕೆ ಸಾಕ್ಷಿಯಾಯಿತು. ಅದಿಲ್ಲದಿದ್ದರೆ ನ್ಯಾಯಾಲಯ ಯಾವುದನ್ನು ನೋಡುತ್ತಿತ್ತು?

ಇರಲಿ, ನಾನು ಬರೆಯಬೇಕೆಂದಿದ್ದದ್ದು ಮೈಸೂರಿನ ನಿವೇಶನದ ಬಗ್ಗೆ. ನಾನು ಬೆಂಗಳೂರಿನಲ್ಲಿ ವಕೀಲಿ ಮಾಡುತ್ತೇನೆ. ಕ್ಯಾಲಿಫೋರ್ನಿಯಾದ ತಿದ್ದುಪಡಿಯಲ್ಲಿ 'ಮೈಸೂರಿನ ನಿವೇಶನ ಇಬ್ಬರದು' ಎಂದು ಬರೆದ ಮಾತ್ರಕ್ಕೆ ಇಲ್ಲಿ ಒಂದು ಅಡಿ ಜಾಗವೂ ನಿಮ್ಮ ಹೆಸರಿಗೆ ಬರುವುದಿಲ್ಲ. ಭಾರತದ ಸ್ಥಿರಾಸ್ತಿಯ ಒಡೆತನವನ್ನು ತೀರ್ಮಾನಿಸುವುದು ಭಾರತದ ಕಾನೂನು. ಪತಿ ಅರ್ಧ ಪಾಲಿಗೆ ದಾನಪತ್ರ ಬರೆದು, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಅವರ ಜೀವಿತಾವಧಿಯಲ್ಲೇ ನೀವು ಸ್ವೀಕರಿಸಬೇಕು. ಊರಿಗೆ ಬರಲಾಗದಿದ್ದರೆ ಅಲ್ಲಿಂದ ಅಧಿಕಾರಪತ್ರ ಮಾಡಿಸಿ ಕಳುಹಿಸಿ, ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಕುಟುಂಬದೊಳಗಿನ ದಾನಕ್ಕೆ ಕರ್ನಾಟಕದಲ್ಲಿ ಶುಲ್ಕದ ರಿಯಾಯಿತಿ ಇದೆ.

ಮೊದಲು ಇದನ್ನು ನೋಡಿ: ಆ ನಿವೇಶನ ಪತಿಗೆ ಹೇಗೆ ಬಂತು? ಸ್ವಯಾರ್ಜಿತವಾದರೆ ತೊಂದರೆ ಇಲ್ಲ. ಅವಿಭಕ್ತ ಕುಟುಂಬದ ಆಸ್ತಿಯಾಗಿದ್ದರೆ ಅವರೊಬ್ಬರೇ ಹೀಗೆ ಕೊಡಲಾಗುವುದಿಲ್ಲ.

ಹೊಂಗೆನೆರಳು

ಭಾರತದಲ್ಲಿ ಇಂಥ ಒಪ್ಪಂದಗಳಿಗೆ ಬೆಲೆಯೇ ಇಲ್ಲವಂತಲ್ಲ, ನಿಜವೇ?

ಕಪ್ಪುಕೋಟು

ಹಿಂದೂ ವಿವಾಹಗಳಲ್ಲಿ ನ್ಯಾಯಾಲಯಗಳು ಮೊದಲಿನಿಂದಲೂ ಅವುಗಳನ್ನು ದೂರ ಇಟ್ಟಿವೆ. 1901ರಲ್ಲಿ ಕಲ್ಕತ್ತಾ ಉಚ್ಚ ನ್ಯಾಯಾಲಯದ ಮುಂದೆ ಒಂದು ಮೊಕದ್ದಮೆ ಬಂತು. ಮದುವೆಗೆ ಮುಂಚೆ ವರನಿಂದ, ಸದಾ ಅತ್ತೆಯ ಮನೆಯಲ್ಲೇ ಇರುತ್ತೇನೆ, ಹೆಂಡತಿಯನ್ನು ಬೇರೆಡೆಗೆ ಕರೆದೊಯ್ಯುವುದಿಲ್ಲ ಎಂದು ಬರೆಸಿಕೊಂಡಿದ್ದರು. ಮನೆ ಅಳಿಯನ ಆ ಕರಾರು ಸಾರ್ವಜನಿಕ ನೀತಿಗೆ ವಿರುದ್ಧ ಎಂದು ನ್ಯಾಯಾಲಯ ತಳ್ಳಿಹಾಕಿತು. 1872ರ ಕರಾರು ಕಾಯಿದೆಯ 23ನೇ ಕಲಮು ಇಂದಿಗೂ ಇದಕ್ಕೆ ಆಧಾರ. ಹೆಂಡತಿ ಜೀವನಾಂಶ ಕೇಳುವುದೇ ಇಲ್ಲ ಎಂದು ಬರೆದುಕೊಟ್ಟ ಮುಚ್ಚಳಿಕೆಯೂ ಹಾಗೆಯೇ ನಿಲ್ಲುವುದಿಲ್ಲ.

ಹಾಗೆಂದು ಆಸ್ತಿಯ ಬಗ್ಗೆ ಏನೂ ಮಾಡಲಾಗದು ಎಂದಲ್ಲ. ಒಪ್ಪಂದಕ್ಕಿಂತ ದಾನಪತ್ರ, ಉಯಿಲು, ಜಂಟಿ ಹೆಸರಿನ ಖರೀದಿ, ಇವೇ ನಮ್ಮಲ್ಲಿ ನಡೆಯುವ ದಾರಿಗಳು. ಮದುವೆಯಲ್ಲಿ ಹೆಣ್ಣಿಗೆ ಬಂದ ಒಡವೆ ಸ್ತ್ರೀಧನ, ಅದು ಅವಳದೇ ಎಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸಾರಿ ಹೇಳಿದೆ. ಯಾವ ಚೀಟಿಯೂ ಬೇಕಾಗಿಲ್ಲ.

ಬೆಳ್ಳಿಲೋಟ

ಹೇಳಿದೆ, ನಿಜ. ಒಡವೆ ಮಾತ್ರ ಅತ್ತೆಯ ಬ್ಯಾಂಕ್ ಲಾಕರ್‌ನಲ್ಲಿ ಇರುತ್ತದೆ.

ಕೊಡಚಾದ್ರಿ72

ವಿಷಯ ಎಲ್ಲಿಗೋ ಹೋಗುತ್ತಿದೆ. ಅತ್ತೆಯವರನ್ನು ಹೇಗೆ ಒಪ್ಪಿಸುವುದು ಎಂದು ಯಾರೂ ಹೇಳಲಿಲ್ಲ.

ಗೋಳಗುಮ್ಮಟ

ಒಪ್ಪಿಸಬೇಕಾಗಿಲ್ಲ, ತಿಳಿಸಿದರೆ ಸಾಕು. ಅದೂ ಮಗನೇ ತಿಳಿಸಬೇಕು. ಸೊಸೆಯ ಬಾಯಿಂದ ಬಂದರೆ ಅದೇ ಮಾತಿಗೆ ಬೇರೆ ಅರ್ಥ ಹುಟ್ಟುತ್ತದೆ. ಮೊಮ್ಮಗನ ಚಿಕಿತ್ಸೆಗಾಗಿ ಕೆಲಸ ಬಿಟ್ಟವಳು ಅವಳು ಎಂಬುದನ್ನು ಮಗ ನೇರವಾಗಿ ಹೇಳಲಿ. ದಾವಣಗೆರೆಯ ತಾಯಿಗೂ ಅದು ಅರ್ಥವಾಗುತ್ತದೆ.

ಸಂಪಿಗೆಮರ

ಗೋಳಗುಮ್ಮಟ ಸರ್, ಈ ಮಾತು ನನಗೆ ಬಹಳ ಹಿಡಿಸಿತು. ಅವರಿಗೇ ಹೇಳಲು ಹೇಳುತ್ತೇನೆ. ನಿವೇಶನ ಅವರ ಸ್ವಂತ ದುಡಿಮೆಯದೇ, ಕಪ್ಪುಕೋಟು ಸರ್.

ಅತ್ತರುಅಂಗಡಿ

ನಮ್ಮಲ್ಲಿ ನಿಕಾಹ್ ಸಮಯದಲ್ಲೇ ಮಹರ್, ಅಂದರೆ ಗಂಡ ಹೆಂಡತಿಗೆ ಕೊಡಬೇಕಾದ ಮೊತ್ತ, ಬರೆಯುತ್ತಾರೆ, ಅದು ಹೆಣ್ಣಿನ ಹಕ್ಕು. ಮದುವೆಯ ನಂತರ ಗಂಡ ಅದನ್ನು ಹೆಚ್ಚಿಸಬಹುದು, ತಾನಾಗಿ ಕಡಿಮೆ ಮಾಡುವಂತಿಲ್ಲ. ಬಿಟ್ಟುಕೊಡುವುದಾದರೆ ಹೆಂಡತಿಯೇ, ಮನಸಾರೆ, ಯಾರ ಬಲವಂತವೂ ಇಲ್ಲದೆ ಬಿಡಬೇಕು. ಗಂಡ ಸತ್ತ ಮನೆಯಲ್ಲಿ, ದುಃಖದಲ್ಲಿರುವ ಹೆಂಗಸಿನಿಂದ 'ಮಹರ್ ಮಾಫ್' ಎನ್ನಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಅದು ಒಪ್ಪಿಗೆಯಲ್ಲ. ಹೆಚ್ಚಿಸುವುದು ಸುಲಭ, ತಗ್ಗಿಸುವುದು ಕಷ್ಟ ಎಂಬ ಈ ವ್ಯವಸ್ಥೆ ಎಲ್ಲ ಕಾನೂನುಗಳಲ್ಲೂ ಇರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಕಾಳೀನದಿ

ನನ್ನ ಪ್ರಶ್ನೆ ಸ್ವಲ್ಪ ಬೇರೆ. ನಾನು ಕಾರವಾರದವಳು, ಪತಿ ಮಡಗಾಂವ್‌ನವರು. ಮದುವೆಗೆ ಮುಂಚೆ ಅವರ ಮನೆಯವರ ಒತ್ತಾಯಕ್ಕೆ ಆಸ್ತಿ ಪ್ರತ್ಯೇಕ ಎಂದು ಗೋವಾದಲ್ಲಿ ಒಪ್ಪಂದ ನೋಂದಾಯಿಸಿದೆವು. ಈಗ ಇಬ್ಬರಿಗೂ ಅದು ಬೇಡ. ಕಡತ ಅವರು ಹೇಳಿದಂತೆ ತಿದ್ದಬಹುದೇ?

ಕಪ್ಪುಕೋಟು

ಇಲ್ಲ. ಗೋವಾದಲ್ಲಿ ಸಾಧ್ಯವಿಲ್ಲ. ಅಲ್ಲಿ ಇಂದಿಗೂ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಕುಟುಂಬ ಕಾನೂನು ನಡೆಯುತ್ತದೆ. ಏನೂ ಬರೆಯದೆ ಮದುವೆಯಾದರೆ ಎಲ್ಲ ಆಸ್ತಿಯೂ ಇಬ್ಬರಿಗೆ ಅರ್ಧರ್ಧ. ಬೇರೆ ರೀತಿ ಬೇಕಿದ್ದರೆ ಮದುವೆಗೆ ಮುಂಚೆಯೇ ಒಪ್ಪಂದ ಮಾಡಬೇಕು. ಮದುವೆ ನಡೆದ ಮೇಲೆ ಅದನ್ನು ರದ್ದು ಮಾಡುವಂತಿಲ್ಲ, ಬದಲಿಸುವಂತಿಲ್ಲ, ಇಬ್ಬರೂ ಕೈಮುಗಿದು ಕೇಳಿದರೂ. ಜಪಾನಿನ ನಾಗರಿಕ ಸಂಹಿತೆಯಲ್ಲೂ ಇಂಥದ್ದೇ ನಿಯಮವಿದೆ.

ಮಲ್ಲಿಗೆದಂಡೆ

ಇಬ್ಬರೂ ಬೇಡ ಎಂದರೂ ಬಿಡದ ಕಾನೂನು ಯಾರನ್ನು ಕಾಪಾಡುತ್ತಿದೆ?

ಕಪ್ಪುಕೋಟು

ಮದುವೆಯ ನಂತರ ಒಬ್ಬರು ಇನ್ನೊಬ್ಬರ ಮೇಲೆ ಒತ್ತಡ ಹೇರಿ ಬದಲಿಸಿಕೊಳ್ಳಬಾರದು, ಸಾಲ ಕೊಟ್ಟವರಿಗೆ ಮೋಸವಾಗಬಾರದು ಎಂಬುದು ಅದರ ಉದ್ದೇಶ. ಒಂದು ಕಾಲಕ್ಕೆ ಅದು ಹೆಣ್ಣಿಗೆ ಗುರಾಣಿಯಾಗಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ ಇವರಂಥ ದಂಪತಿಗೆ ಅದು ಸಂಕೋಲೆ. ಬದಲಿಸಲು ಬಿಟ್ಟು, ಇಬ್ಬರಿಗೂ ಪ್ರತ್ಯೇಕ ಸಲಹೆ ಕಡ್ಡಾಯ ಮಾಡಿದರೆ ಎರಡೂ ಉದ್ದೇಶ ನೆರವೇರುತ್ತದೆ.

ಕಾಳೀನದಿ

ನಾವು ಕಾರವಾರಕ್ಕೇ ಬಂದು ನೆಲೆಸಿದರೆ? ಇಲ್ಲಿಯ ಕಾನೂನು ಬರುವುದಿಲ್ಲವೇ? ಕಾರವಾರದಲ್ಲೂ ಪತಿಯ ಹೆಸರಿನಲ್ಲಿ ಒಂದು ಅಂಗಡಿ ಮಳಿಗೆ ಇದೆ.

ಕಪ್ಪುಕೋಟು

ಪತಿ ಗೋವಾದ ನಿವಾಸಿಯಾಗಿ ಉಳಿದಿರುವವರೆಗೆ ಕಾರವಾರದ ಮಳಿಗೆಗೂ ಉತ್ತರಾಧಿಕಾರದಲ್ಲಿ ಗೋವಾದ ಕಾನೂನೇ. ಗೋವಾದವರ ಆಸ್ತಿ ದೇಶದ ಯಾವ ಭಾ​ಗದಲ್ಲಿದ್ದರೂ ಅದಕ್ಕೆ ಆ ಸಂಹಿತೆ ಅನ್ವಯವಾಗುತ್ತದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಜೋಸ್ ಪೌಲೊ ಕುಟಿನ್ಹೊ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ.

ನಿಮಗೆ ಉಳಿದಿರುವ ದಾರಿ ಒಪ್ಪಂದದ ಹೊರಗಿನದು. ಇನ್ನು ಮುಂದೆ ಕೊಳ್ಳುವುದನ್ನು ಇಬ್ಬರ ಹೆಸರಿನಲ್ಲಿ ಕೊಳ್ಳಿ, ಇಬ್ಬರೂ ಎಷ್ಟೆಷ್ಟು ಹಣ ಹಾಕಿದಿರಿ ಎಂಬುದು ಬ್ಯಾಂಕ್ ದಾಖಲೆಯಲ್ಲಿರಲಿ. ಪತಿ ಉಯಿಲು ಬರೆಯಬಹುದು, ಆದರೆ ಮಕ್ಕಳಿದ್ದರೆ ಆಸ್ತಿಯ ಅರ್ಧದಷ್ಟನ್ನು ಮಾತ್ರ ಇಷ್ಟಬಂದವರಿಗೆ ಕೊಡಬಹುದು, ಉಳಿದ ಅರ್ಧ ಮಕ್ಕಳ ಕಡ್ಡಾಯ ಪಾಲು. ಈಗಿರುವ ಆಸ್ತಿಯಲ್ಲಿ ನಿಮಗೆ ದಾನ ಮಾಡುವುದು ಪ್ರತ್ಯೇಕತೆಯ ಒಪ್ಪಂದವನ್ನು ಬಳಸುದಾರಿಯಲ್ಲಿ ಬದಲಿಸಿದಂತೆ ಆಗಬಾರದು. ಅದನ್ನು ಮಡಗಾಂವ್‌ನಲ್ಲಿ ಈ ಸಂಹಿತೆಯಲ್ಲೇ ಪಳಗಿದ ವಕೀಲರೊಬ್ಬರಿಗೆ ಒಪ್ಪಂದದ ಪ್ರತಿ ತೋರಿಸಿ ಕೇಳಿ. ಬೆಂಗಳೂರಿನವರನ್ನು ಕೇಳಬೇಡಿ, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಕಾಳೀನದಿ

ಮಕ್ಕಳಿಬ್ಬರಿದ್ದಾರೆ. ಹಾಗಾದರೆ ಮೊದಲು ಮಡಗಾಂವ್‌ನ ವಕೀಲರು, ನಂತರ ಉಯಿಲು. ಮುಂದಿನ ತಿಂಗಳು ಮಳಿಗೆಯ ಪಕ್ಕದ ಜಾಗ ಕೊಳ್ಳುವ ಮಾತುಕತೆ ಇದೆ. ಅದನ್ನು ಜಂಟಿ ಹೆಸರಿನಲ್ಲೇ ಬರೆಸಲು ಹೇಳುತ್ತೇನೆ.

ಲೆಕ್ಕಿಗ

ಮುಂಗಡ ಕೊಡುವಾಗಲೇ ಇಬ್ಬರ ಖಾತೆಯಿಂದಲೂ ಹಣ ಹೋಗಲಿ. ಪತಿಯೊಬ್ಬರೇ ಪೂರ್ತಿ ಹಣ ಹಾಕಿದರೆ, ನಿಮ್ಮ ಪಾಲಿನ ಬಾಡಿಗೆ ಆದಾಯವನ್ನೂ ಅವರ ಆದಾಯಕ್ಕೇ ಸೇರಿಸಿ ತೆರಿಗೆ ಲೆಕ್ಕ ಹಾಕುತ್ತಾರೆ.